ನೇತ್ರಾಣಿಯ ನೀರಿನಲ್ಲಿ ಒಂದು ಪರೀಕ್ಷೆ

ಮುರುಡೇಶ್ವರಕ್ಕೆ ಹೋದವರೆಲ್ಲ ಕತ್ತೆತ್ತಿ ನೋಡುವವರೇ. ಕಂದುಕಗಿರಿಯ ಮೇಲೆ ಕುಳಿತ 123 ಅಡಿ ಎತ್ತರದ ಶಿವ, ಎದುರಿಗೆ 20 ಅಂತಸ್ತಿನ ರಾಜಗೋಪುರ, ಗೋಪುರದೊಳಗೆ ಮೇಲೇರಲು ಲಿಫ್ಟು. ನೋಡಬೇಕಾದದ್ದೆಲ್ಲ ಮೇಲೆಯೇ ಇದೆ. ಆದರೆ ಮೇ ತಿಂಗಳ ಮೂರನೆಯ ವಾರದ ಒಂದು ಬೆಳಗ್ಗೆ ದಂಡೆಯ ಮರಳಿನಲ್ಲಿ ನಿಂತಿದ್ದ ಹತ್ತು ಹನ್ನೆರಡು ಜನರ ಗುಂಪೊಂದು ಮಾತ್ರ ಗೋಪುರಕ್ಕೆ ಬೆನ್ನು ಹಾಕಿ, ಸಾಲಾಗಿ ಇಟ್ಟಿದ್ದ ಸಿಲಿಂಡರುಗಳನ್ನು ಎಣಿಸುತ್ತಿತ್ತು. ಅವರಿಗೆ ನೋಡಬೇಕಾದದ್ದೆಲ್ಲ ಕೆಳಗಿತ್ತು.

ಗುಂಪಿನಲ್ಲಿ ದಾವಣಗೆರೆಯ ಒಬ್ಬಳು ಹುಡುಗಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಎರಡನೆಯ ವರ್ಷ ಓದುವವಳು. ಜೊತೆಗೆ ಅವಳ ತಂದೆ, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಮೇಷ್ಟ್ರು. ಅವರಿಗೆ ನೀರಿಗಿಳಿಯುವ ಉದ್ದೇಶವೇನೂ ಇರಲಿಲ್ಲ. ಹೆಣ್ಣುಮಗಳೊಬ್ಬಳನ್ನೇ ಸಮುದ್ರಕ್ಕೆ ಕಳಿಸುವುದು ಹೇಗೆಂದು ರಜೆ ಹಾಕಿ ಬಂದಿದ್ದರು. ಕೈಯಲ್ಲೊಂದು ಕೊಡೆ, ಬಗಲಿನ ಚೀಲದಲ್ಲಿ ಚಕ್ಕುಲಿ. ಮಗಳು ಕಲಿಯಲು ಹೊರಟಿದ್ದು ಸ್ಕೂಬಾ ಡೈವಿಂಗ್. ಎರಡು ದಿನಗಳಲ್ಲಿ ಅವಳು ನಾಲ್ಕು ಸಲ ಸಮುದ್ರಕ್ಕಿಳಿದು ಕಲಿತದ್ದನ್ನು ಮಾಡಿ ತೋರಿಸಬೇಕಿತ್ತು. ತೋರಿಸಿದರೆ ‘ಓಪನ್ ವಾಟರ್ ಡೈವರ್’ ಎಂಬ ಮೊದಲ ಸರ್ಟಿಫಿಕೇಟು.

ದಂಡೆಯಿಂದ ಸುಮಾರು 19 ಕಿ.ಮೀ. ದೂರದಲ್ಲಿರುವ ನೇತ್ರಾಣಿ ದ್ವೀಪ ಅವರ ಪರೀಕ್ಷಾ ಕೇಂದ್ರ. ಆಕಾಶದಿಂದ ನೋಡಿದರೆ ಹೃದಯದ ಆಕಾರ. ದೋಣಿಯಿಂದ ನೋಡಿದರೆ ಸಮುದ್ರದ ನಡುವೆ ಯಾರೋ ಮರೆತು ಹೋದ ಘಟ್ಟದ ಒಂದು ತುಂಡು. ಕಡಿದಾದ ಬಂಡೆ, ತಲೆಯ ಮೇಲೆ ಹಸಿರು. ಇಂಗ್ಲಿಷರ ನಕ್ಷೆಗಳಲ್ಲಿ ಇದಕ್ಕೆ ಪಾರಿವಾಳದ ದ್ವೀಪವೆಂದು ಹೆಸರು. ಬಿಳಿ ಹೊಟ್ಟೆಯ ಕಡಲ ಹದ್ದುಗಳು ಇಲ್ಲಿ ಗೂಡು ಕಟ್ಟುತ್ತವೆ. ಮೀನುಗಾರರು ಹರಕೆಯೆಂದು ಬಿಟ್ಟ ಆಡುಗಳು ಬಂಡೆಯಿಂದ ಬಂಡೆಗೆ ಹಾರುತ್ತಿರುತ್ತವೆ. ನೌಕಾಪಡೆ ಗುಂಡು ಹೊಡೆಯುವ ಅಭ್ಯಾಸಕ್ಕೆ ಈ ದ್ವೀಪವನ್ನು ಗುರಿಯಾಗಿಟ್ಟುಕೊಂಡಿದ್ದೂ ಉಂಟು. ಡೈವಿಂಗ್ ದೋಣಿಗಳು ಜನರನ್ನು ದ್ವೀಪದ ಮೇಲೆ ಇಳಿಸುವುದಿಲ್ಲ, ಅದರ ಬುಡದಲ್ಲಿ ಲಂಗರು ಹಾಕುತ್ತವೆ. ಪುನೀತ್ ರಾಜ್‌ಕುಮಾರ್ ತಮ್ಮ ಕೊನೆಯ ದಿನಗಳಲ್ಲಿ ಇಲ್ಲಿ ನೀರಿಗಿಳಿದದ್ದನ್ನು 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ನೋಡಿದ ಮೇಲೆ, ನೇತ್ರಾಣಿ ಎಂಬ ಹೆಸರು ಘಟ್ಟದ ಮೇಲಿನ ಊರುಗಳಲ್ಲೂ ಮಕ್ಕಳ ಬಾಯಲ್ಲಿದೆ.

ದೋಣಿಯಲ್ಲಿದ್ದವರಲ್ಲಿ ಎರಡು ಜಾತಿ. ಹೆಚ್ಚಿನವರು ಒಂದು ದಿನದ ಅನುಭವಕ್ಕೆ ಬಂದವರು. ಇವರಿಗೆ ಅರ್ಧ ಗಂಟೆಯ ಪಾಠ ಹೇಳಿ, ಶಿಕ್ಷಕನೊಬ್ಬ ಬೆನ್ನಿನ ಸಿಲಿಂಡರು ಹಿಡಿದುಕೊಂಡೇ ನೀರೊಳಗೆ ಕರೆದೊಯ್ದು, ಮೀನು ತೋರಿಸಿ, ಫೋಟೋ ತೆಗೆದು ಮೇಲೆ ತರುತ್ತಾನೆ. ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಜಾತ್ರೆ ತೋರಿಸಿದ ಹಾಗೆ. ಅದರಲ್ಲಿ ತಪ್ಪೇನಿಲ್ಲ, ಈಜು ಬಾರದವರೂ ಹಾಗೆ ಕಡಲೊಳಗನ್ನು ಕಂಡು ಬಂದಿದ್ದಾರೆ. ಎರಡನೆಯ ಜಾತಿ, ಕಲಿಯಲು ಬಂದವರು. ಅಂದು ಅಂಥವರು ನಾಲ್ಕೇ ಜನ. ಮೊದಲನೆಯವರು ಕೊಡುವ ಹಣದ ಹಲವು ಪಟ್ಟು, ಇಪ್ಪತ್ತು ಸಾವಿರ ರೂಪಾಯಿಗೂ ಮೀರಿ, ಇವರು ಕೊಟ್ಟಿರುತ್ತಾರೆ. ಅಷ್ಟು ಕೊಟ್ಟು ಇವರು ಪಡೆಯುವುದೇನು ಎಂದರೆ, ಬೆನ್ನಿನ ಮೇಲಿನ ಆ ಕೈ ಇಲ್ಲದೆ ಇರುವ ಹಕ್ಕು. ಆ ಕೈ ತೆಗೆದ ಮೇಲೆ ತನ್ನ ಉಸಿರಿನ ಲೆಕ್ಕ ತನ್ನದೇ, ಪಕ್ಕದ ಜೊತೆಗಾರನ ಉಸಿರಿನ ಲೆಕ್ಕವೂ ಅರ್ಧ ತನ್ನದೇ.

ಹುಡುಗಿಯ ಪರೀಕ್ಷೆ ಸಮುದ್ರಕ್ಕಿಂತ ಬಹಳ ಮುಂಚೆ, ಬೆಂಗಳೂರಿನಲ್ಲಿ ಒಂದು ಕಾಗದದ ಮುಂದೆ ಶುರುವಾಗಿತ್ತು. ಈ ಕಲಿಕೆಗೆ ಸೇರುವವರೆಲ್ಲ ಮೊದಲು ಆರೋಗ್ಯದ ಪ್ರಶ್ನಾವಳಿಯೊಂದನ್ನು ತುಂಬಬೇಕು. ಹೃದಯ, ಶ್ವಾಸಕೋಶ, ಕಿವಿ, ಮೂರ್ಛೆ, ಶಸ್ತ್ರಚಿಕಿತ್ಸೆ ಹೀಗೆ ಸಾಲು ಸಾಲು ಪ್ರಶ್ನೆ. ಕಳೆದ ಹನ್ನೆರಡು ತಿಂಗಳಲ್ಲಿ ಪದೇ ಪದೇ ಸೈನಸ್ ತೊಂದರೆ ಬಂದಿದೆಯೇ ಎಂಬ ಪ್ರಶ್ನೆಯ ಮುಂದೆ ಅವಳ ಪೆನ್ನು ನಿಂತಿತು. ಚಳಿಗಾಲದಲ್ಲಿ ಎರಡು ಮೂರು ಸಲ ಬಂದಿತ್ತು. ‘ಹೌದು’ ಎಂದರೆ ಡಾಕ್ಟರ ಸಹಿ ತರಬೇಕು. ಊರಿಗೆ ಫೋನು ಮಾಡಿದಳು.

‘ಅದೇನು ದೊಡ್ಡ ಕಾಯಿಲೆನಾ? ಇಲ್ಲ ಅಂತ ಹಾಕಿಬಿಡು’ ಎಂದರು ಮೇಷ್ಟ್ರು. ಅರ್ಜಿ ನಮೂನೆಗಳನ್ನು ಜೀವಮಾನವಿಡೀ ತುಂಬಿದವರ ಸಹಜ ಸಲಹೆ ಅದು. ನಮ್ಮಲ್ಲಿ ನಮೂನೆ ಇರುವುದು ಕೆಲಸ ಮುಂದೆ ಸಾಗಲಿ ಎಂದೇ ಹೊರತು ನಿಜ ಹೇಳಲಿ ಎಂದಲ್ಲ. ಮಗಳು ‘ಹೌದು’ ಎಂದೇ ಗುರುತು ಹಾಕಿದಳು. ಕಿವಿ ಮೂಗು ಗಂಟಲಿನ ಡಾಕ್ಟರು ನೋಡಿ, ಈಗ ಏನೂ ಇಲ್ಲ, ಹೋಗಬಹುದು, ಆದರೆ ನೆಗಡಿ ಬಂದಾಗ ಮಾತ್ರ ಇಳಿಯಬಾರದು ಎಂದು ಬರೆದುಕೊಟ್ಟರು. ಮೂರು ದಿನ ಮತ್ತು ಡಾಕ್ಟರ ಫೀಸು ಖರ್ಚಾದವು.

ಸ್ಕೂಬಾ ಎಂಬುದು ಒಂದು ಪದವಲ್ಲ, ಐದು ಇಂಗ್ಲಿಷ್ ಪದಗಳ ಮೊದಲಕ್ಷರಗಳ ಗುಚ್ಛ. ನೀರೊಳಗೆ ಉಸಿರಾಡಲು ಬೇಕಾದದ್ದನ್ನೆಲ್ಲ ಬೆನ್ನಿಗೆ ಕಟ್ಟಿಕೊಂಡು ಹೋಗುವ ಸಲಕರಣೆ ಎಂದಷ್ಟೇ ಅರ್ಥ. ಅದಕ್ಕೆ ಮೊದಲು ಆಳಕ್ಕಿಳಿಯುವವರು ಹಿತ್ತಾಳೆಯ ಶಿರಸ್ತ್ರಾಣ ತೊಟ್ಟು, ಹಡಗಿನಿಂದ ಕೊಳವೆಯಲ್ಲಿ ಗಾಳಿ ಊದಿಸಿಕೊಳ್ಳುತ್ತ, ಹಗ್ಗಕ್ಕೆ ಕಟ್ಟಿದ ಎತ್ತಿನಂತೆ ನಡೆಯುತ್ತಿದ್ದರು. 1943ರಲ್ಲಿ, ಜರ್ಮನರ ಕೈಯಲ್ಲಿದ್ದ ಫ್ರಾನ್ಸಿನಲ್ಲಿ, ನೌಕಾಪಡೆಯ ಅಧಿಕಾರಿ ಜಾಕ್ ಕೂಸ್ಟೊ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾನ್ ಸೇರಿ ‘ಆಕ್ವಾ ಲಂಗ್’ ರೂಪಿಸಿದರು. ಯುದ್ಧಕಾಲದಲ್ಲಿ ಪೆಟ್ರೋಲು ಸಿಗದೆ ಗ್ಯಾಸಿನಲ್ಲಿ ಓಡುತ್ತಿದ್ದ ಕಾರುಗಳಿಗೆಂದು ಗಾನ್ಯಾನ್ ಮಾಡಿದ್ದ ಕವಾಟವೇ ಇದಕ್ಕೆ ಮೂಲ. ಎಂಜಿನು ಎಳೆದಾಗ ಎಳೆದಷ್ಟೇ ಗ್ಯಾಸು ಬಿಡುವ ಕವಾಟ, ಮನುಷ್ಯ ಎಳೆದಾಗ ಎಳೆದಷ್ಟೇ ಗಾಳಿ ಬಿಡುವ ರೆಗ್ಯುಲೇಟರ್ ಆಯಿತು. ಕಲಿಸುವ ಪದ್ಧತಿ ಆಮೇಲೆ ಬಂತು. 1959ರಲ್ಲಿ ಸಿಮಾಸ್, 1960ರಲ್ಲಿ ನಾವಿ, 1966ರಲ್ಲಿ ಪಾಡಿ, ಹೀಗೆ ಸಂಸ್ಥೆಗಳು ಹುಟ್ಟಿ ಪಠ್ಯ, ಪರೀಕ್ಷೆ, ಸರ್ಟಿಫಿಕೇಟುಗಳು ರೂಢಿಗೆ ಬಂದವು. ಅಮೆರಿಕದ ಪಾಡಿ ಮತ್ತು 1970ರಲ್ಲಿ ಹುಟ್ಟಿದ ಎಸ್‌ಎಸ್‌ಐ ಸಂಸ್ಥೆಗಳ ಹೆಸರು ನಮ್ಮಲ್ಲಿ ಹೆಚ್ಚು ಕೇಳಿಬರುತ್ತದೆ. ಮುರುಡೇಶ್ವರದಲ್ಲಿ ಪಡೆದ ಕಾರ್ಡು ಕೆಂಪು ಸಮುದ್ರದಲ್ಲೂ ನಡೆಯುತ್ತದೆ.

ಸಿಲಿಂಡರಿನಲ್ಲಿ ಆಮ್ಲಜನಕವಿರುತ್ತದೆ ಎಂದು ಪತ್ರಿಕೆಗಳೂ ಬರೆಯುತ್ತವೆ, ಮೇಷ್ಟ್ರೂ ನಂಬಿದ್ದರು. ಅದು ತಪ್ಪು. ಅಲ್ಲಿರುವುದು ನಾವು ದಿನವೂ ಉಸಿರಾಡುವ ಗಾಳಿಯೇ, ಒತ್ತಿ ತುಂಬಿದ್ದು. ಶುದ್ಧ ಆಮ್ಲಜನಕವನ್ನು ಆರು ಮೀಟರಿಗಿಂತ ಕೆಳಗೆ ಉಸಿರಾಡಿದರೆ ಅದೇ ವಿಷವಾಗಿ ಫಿಟ್ಸ್ ತರಬಲ್ಲದು. 12 ಲೀಟರಿನ ಸಿಲಿಂಡರಿಗೆ 200 ಬಾರ್ ಒತ್ತಡದಲ್ಲಿ ತುಂಬಿದರೆ 2,400 ಲೀಟರ್ ಗಾಳಿ. ನಿಮಿಷಕ್ಕೆ 20 ಲೀಟರಿನಂತೆ ನೆಲದ ಮೇಲೆ ಎರಡು ಗಂಟೆ ಬರುವ ಗಾಳಿ, ಹತ್ತು ಮೀಟರ್ ಆಳದಲ್ಲಿ ಒಂದೇ ಗಂಟೆಗೆ ಮುಗಿಯುತ್ತದೆ. ಹತ್ತು ಮೀಟರ್ ಸಮುದ್ರದ ನೀರು ಇಡೀ ವಾತಾವರಣದಷ್ಟೇ ಭಾರ. ಅಲ್ಲಿ ಒತ್ತಡ ಎರಡರಷ್ಟು, ಗಾಳಿಯ ಗಾತ್ರ ಅರ್ಧ. ಇಪ್ಪತ್ತು ಮೀಟರಿಗೆ ಮೂರರಷ್ಟು ಒತ್ತಡ, ಮೂರನೆಯ ಒಂದು ಭಾಗ ಗಾತ್ರ. 1662ರಲ್ಲಿ ರಾಬರ್ಟ್ ಬಾಯ್ಲ್ ಪ್ರಕಟಿಸಿದ ನಿಯಮವಿದು. ಮೇಷ್ಟ್ರು ಇದನ್ನು ಇಪ್ಪತ್ತೈದು ವರ್ಷ ಕರಿಹಲಗೆಯ ಮೇಲೆ ಬರೆದಿದ್ದರು. ಮಗಳ ಪಠ್ಯಪುಸ್ತಕವನ್ನು ಬಸ್ಸಿನಲ್ಲಿ ತಿರುವಿ ಹಾಕುವಾಗ, ಅದೇ ನಿಯಮ ಅವಳ ಪುಪ್ಪುಸದ ಚಿತ್ರದ ಪಕ್ಕದಲ್ಲಿ ಅಚ್ಚಾಗಿರುವುದನ್ನು ಕಂಡು ಪುಸ್ತಕ ಮುಚ್ಚಿಟ್ಟರಂತೆ.

ಮುಚ್ಚಿಡಲು ಕಾರಣವಿತ್ತು. ಸ್ಕೂಬಾದ ಮೊದಲ ನಿಯಮ, ಉಸಿರು ಹಿಡಿಯಬಾರದು ಎಂಬುದು. ಈಜುವವರಿಗೆ ನೀರು ಕಂಡೊಡನೆ ಉಸಿರು ಕಟ್ಟುವುದು ಅಭ್ಯಾಸ. ಹತ್ತು ಮೀಟರ್ ಆಳದಲ್ಲಿ ಎದೆ ತುಂಬ ಗಾಳಿ ಎಳೆದುಕೊಂಡು, ಉಸಿರು ಕಟ್ಟಿ ಮೇಲೆ ಬಂದರೆ, ಆ ಗಾಳಿ ಎರಡರಷ್ಟಾಗುತ್ತದೆ, ಎದೆ ಎರಡರಷ್ಟಾಗಲಾರದು. ಪುಪ್ಪುಸ ಹರಿಯಬಹುದು. ನೀರೊಳಗೆ ಮೂಗಿಗೆ ನೀರು ಹೊಕ್ಕರೂ, ಹೆದರಿಕೆಯಾದರೂ, ತಿಮಿಂಗಿಲವೇ ಎದುರು ಬಂದರೂ ಉಸಿರಾಟ ನಡೆಯುತ್ತಲೇ ಇರಬೇಕು. ಕೇಳಲು ಸುಲಭ. ಮನುಷ್ಯ ಹೆದರಿದಾಗ ಮೊದಲು ನಿಲ್ಲುವುದೇ ಉಸಿರು.

ಆದ್ದರಿಂದಲೇ ಮೊದಲ ಪಾಠಗಳು ಈಜುಕೊಳದಲ್ಲಿ. ಬೆಂಗಳೂರಿನಲ್ಲಿ ವಾರಾಂತ್ಯಗಳಲ್ಲಿ ಇಂಥ ತರಗತಿ ನಡೆಸಿ, ಸಮುದ್ರದ ಪಾಠಕ್ಕೆ ನೇತ್ರಾಣಿಗೋ ಪುದುಚೇರಿಗೋ ಕರೆದೊಯ್ಯುವವರಿದ್ದಾರೆ. ನಿಲ್ಲದೆ 200 ಮೀಟರ್ ಈಜಬೇಕು, ಹೊತ್ತಿನ ಮಿತಿಯಿಲ್ಲ. ಹತ್ತು ನಿಮಿಷ ಏನನ್ನೂ ಹಿಡಿಯದೆ ತೇಲಬೇಕು. ಆಮೇಲೆ ಸಲಕರಣೆ ಕಟ್ಟಿಕೊಂಡು ಕೊಳದ ತಳದಲ್ಲಿ ಮಂಡಿಯೂರಿ, ಕಣ್ಣಿನ ಮಾಸ್ಕಿನೊಳಗೆ ತಾನೇ ನೀರು ಬಿಟ್ಟುಕೊಂಡು, ಮೂಗಿನಿಂದ ಊದಿ ಹೊರಹಾಕಬೇಕು. ಬಾಯಿಯ ರೆಗ್ಯುಲೇಟರನ್ನು ತೆಗೆದು ಎಸೆದು, ತಡಕಾಡಿ ಹುಡುಕಿ ಮತ್ತೆ ಕಚ್ಚಿಕೊಳ್ಳಬೇಕು. ಆ ಹೊತ್ತಿನಲ್ಲೂ ಸಣ್ಣಗೆ ಗುಳ್ಳೆ ಬಿಡುತ್ತಲೇ ಇರಬೇಕು. ಗಾಳಿ ಮುಗಿಯಿತೆಂದು ಜೊತೆಗಾರನಿಗೆ ಸನ್ನೆ ಮಾಡಿ ಅವನ ಎರಡನೆಯ ಬಾಯಿಕೊಳವೆಯಿಂದ ಉಸಿರಾಡಬೇಕು. ಎಲ್ಲಕ್ಕಿಂತ ಕಷ್ಟದ್ದು, ಮಾಸ್ಕನ್ನು ಪೂರ್ತಿ ತೆಗೆದು ಬರಿಗಣ್ಣಿನಲ್ಲಿ ಒಂದು ನಿಮಿಷ ಉಸಿರಾಡುವುದು. ಹುಡುಗಿ ಎರಡು ಸಲ ಧಡಕ್ಕನೆ ಎದ್ದು ನಿಂತಳು. ಮೂರನೆಯ ಸಲ ಅರವತ್ತು ಎಣಿಸಿದಳು. ಕೊಳದ ಆಳ ಅವಳ ಎದೆಯ ಮಟ್ಟವಷ್ಟೆ, ಆದರೆ ಹೆದರಿಕೆಗೆ ಆಳದ ಅಳತೆ ಬೇಕಿಲ್ಲವಲ್ಲ.

ಲಿಖಿತ ಪರೀಕ್ಷೆಯೂ ಉಂಟು. 50 ಪ್ರಶ್ನೆ, ಶೇ 75 ಬಂದರೆ ಪಾಸು. ನಮ್ಮ ಮಕ್ಕಳಿಗೆ ಇದೇನು ದೊಡ್ಡದಲ್ಲ. ವಿಶೇಷವಿರುವುದು ಪಾಸಾದ ಮೇಲೆ. ತಪ್ಪಾದ ಪ್ರಶ್ನೆಗಳನ್ನು ಶಿಕ್ಷಕ ಮುಂದಿಟ್ಟುಕೊಂಡು, ಯಾಕೆ ತಪ್ಪಾಯಿತೆಂದು ತಿಳಿಯುವವರೆಗೆ ಬಿಡುವುದಿಲ್ಲ. ಉಳಿದ ಶೇ 25ನ್ನು ಚಾಯ್ಸಿನಲ್ಲಿ ಬಿಡುವ ಸೌಕರ್ಯ ಇಲ್ಲಿಲ್ಲ.

ಮೊದಲ ದಿನದ ದೋಣಿ ಒಂದೂವರೆ ಗಂಟೆ ಸಾಗಿ ನೇತ್ರಾಣಿಯ ಬುಡ ಸೇರುವ ಹೊತ್ತಿಗೆ ಮೇಷ್ಟ್ರ ಮುಖ ಬಿಳುಚಿಕೊಂಡಿತ್ತು. ಮಳೆಗಾಲ ಹತ್ತಿರವಾಗಿದ್ದರಿಂದ ಅಲೆಗಳು ಆಗಲೇ ಉದ್ದವಾಗಿ ಏಳುತ್ತಿದ್ದವು. ‘ಮಾಸ್ತರ್ರೇ, ಕೆಳಗೆ ನೀರು ನೋಡ್ಬೇಡಿ, ಗುಡ್ಡೆ ನೋಡಿ’ ಎಂದು ದೋಣಿಯವನು ಹೇಳಿದ. ಅಲುಗದ ವಸ್ತುವನ್ನು ನೋಡಿದರೆ ವಾಂತಿ ಕಡಿಮೆಯಾಗುವುದು ನಿಜ. ಆದರೆ ಮಗಳು ಇಳಿಯಬೇಕಾದದ್ದು ನೀರಿಗೆ, ಅವರ ಕಣ್ಣು ಗುಡ್ಡದ ಮೇಲೆ ನಿಲ್ಲಲಿಲ್ಲ. ಚಕ್ಕುಲಿ ಚೀಲದಲ್ಲೇ ಉಳಿಯಿತು.

ಇಳಿಯುವ ಮುಂಚೆ ಜೊತೆಗಾರರು ಒಬ್ಬರನ್ನೊಬ್ಬರು ತಪಾಸಣೆ ಮಾಡಬೇಕು. ಅವಳ ಜೊತೆಗಾರ ಹುಬ್ಬಳ್ಳಿಯ ಬ್ಯಾಂಕ್ ನೌಕರ, ಅವಳಿಗಿಂತ ಹತ್ತು ವರ್ಷ ದೊಡ್ಡವನು. ಅವನು ಉಸಿರೆಳೆದಾಗ ಒತ್ತಡದ ಮುಳ್ಳು ಕೆಳಗೆ ಜಗ್ಗಿ ಮತ್ತೆ ಮೇಲೇರುವುದನ್ನು ಹುಡುಗಿ ನೋಡಿದಳು. ‘ಅಣ್ಣಾ, ತಿರುಪು ಪೂರ್ತಿ ತೆರೆದಿಲ್ಲ’ ಎಂದಳು. ಮೇಲೆ ಉಸಿರಾಡಲು ಸಾಲುವಷ್ಟು ತೆರೆದಿದ್ದ ತಿರುಪು ಆಳದಲ್ಲಿ ಸಾಲುತ್ತಿರಲಿಲ್ಲ. ಶಿಕ್ಷಕ ಅದನ್ನು ಕೇಳಿಸಿಕೊಂಡ, ಏನೂ ಹೇಳಲಿಲ್ಲ.

ಮೊದಲ ಎರಡು ಮುಳುಗುಗಳಿಗೆ 12 ಮೀಟರಿನ ಮಿತಿ. ಹಗ್ಗ ಹಿಡಿದು, ಮೀಟರಿಗೊಮ್ಮೆ ಮೂಗು ಹಿಸುಕಿ ಕಿವಿಯೊಳಗೆ ಗಾಳಿ ಒತ್ತುತ್ತ, ನಿಧಾನ ಇಳಿಯುವುದು. ಬೆಟ್ಟ ಇಳಿಯುವ ಬಸ್ಸಿನಲ್ಲಿ ಕಿವಿ ಮುಚ್ಚಿದಂತಾಗುವುದಲ್ಲ, ಅದೇ ಇಲ್ಲಿ ಅಂಗಳದ ಉದ್ದದಷ್ಟು ದೂರದಲ್ಲೇ ಆಗುತ್ತದೆ. ಕೆಂಪು ಬಣ್ಣ ಮೊದಲು ಮಾಯವಾಯಿತು. ಅವಳ ಕೈಯ ಕೆಂಪು ದಾರ ಕಂದಾಗಿ, ಆಮೇಲೆ ಕಪ್ಪಾಗಿ ಕಂಡಿತು. ಬಂಡೆಯ ಸಂದಿಯಲ್ಲಿ ಮೊರೆ ಈಲ್ ಬಾಯಿ ತೆರೆದು ಮುಚ್ಚುತ್ತಿತ್ತು. ಗಿಳಿಮೀನೊಂದು ಹವಳವನ್ನು ಕಚ್ಚುವ ಸದ್ದು ಕಟುಕ್ ಕಟುಕ್ ಎಂದು ಕೇಳಿಸಿತು. ಮೀನುಮಾರುಕಟ್ಟೆಯ ಕಲ್ಲಿನ ಮೇಲೆ ಮಾತ್ರ ಕಂಡಿದ್ದ ತೊರಕೆ, ಮರಳಿನಿಂದೆದ್ದು ಬೀಸಣಿಗೆಯಂತೆ ಅಂಚು ಅಲುಗಿಸುತ್ತ ಹೋಯಿತು. ನೀರು ಅಷ್ಟೇನೂ ತಿಳಿಯಾಗಿರಲಿಲ್ಲ. ಡಿಸೆಂಬರ್ ಜನವರಿಯಲ್ಲಿ ಬಂದಿದ್ದರೆ ಇದರ ಎರಡರಷ್ಟು ದೂರ ಕಾಣುತ್ತಿತ್ತೆಂದು ಶಿಕ್ಷಕ ಆಮೇಲೆ ಹೇಳಿದ. ಕಾಲೇಜಿನ ರಜೆ ನೋಡಿಕೊಂಡು ಬರುವವರಿಗೆ ಸಮುದ್ರ ತನ್ನ ರಜೆ ಬದಲಿಸುವುದಿಲ್ಲ.

ನೀರೊಳಗೆ ಮಾತಿಲ್ಲ, ಕೈಸನ್ನೆಯೇ ಭಾಷೆ. ಹೆಬ್ಬೆರಳು ತೋರುಬೆರಳು ಸೇರಿಸಿದ ಸೊನ್ನೆಗೆ ‘ಎಲ್ಲ ಸರಿ’ ಎಂದರ್ಥ. ಹೆಬ್ಬೆರಳನ್ನು ಮೇಲೆತ್ತಿದರೆ ಭೇಷ್ ಎಂದಲ್ಲ, ‘ಮೇಲೆ ಹೋಗೋಣ’ ಎಂದು. ಯಾರೇ ಒಬ್ಬರು ಹೆಬ್ಬೆರಳೆತ್ತಿದರೂ ಯಾಕೆಂದು ಕೇಳದೆ ಎಲ್ಲರೂ ಮೇಲೆ ಬರಬೇಕು. ಕಾರಣ ಕೇಳುವುದು ದೋಣಿ ಹತ್ತಿದ ಮೇಲೆ.

ಎರಡನೆಯ ದಿನ ಬೆಳಗ್ಗೆ ಐದೂವರೆಗೆ ಹುಡುಗಿ ಎದ್ದಾಗ ಮೂಗಿನ ಒಂದು ಹೊಳ್ಳೆ ಕಟ್ಟಿತ್ತು.

‘ಮೂಗು ಕಟ್ಟೈತಿ ಅಪ್ಪಾಜಿ.’

‘ಒಂದು ಮಾತ್ರೆ ನುಂಗು. ಹೊತ್ತೇರೋ ಹೊತ್ತಿಗೆ ಸರಿ ಆಗ್ತೈತಿ.’

ಮೇಷ್ಟ್ರ ಲೆಕ್ಕವನ್ನು ಹಗುರವಾಗಿ ಕಾಣುವಂತಿಲ್ಲ. ಇನ್ನೆರಡು ಮುಳುಗು ಮುಗಿದರೆ ಸರ್ಟಿಫಿಕೇಟು ಕೈಗೆ ಬರುತ್ತಿತ್ತು. ಫೀಸು ಕಟ್ಟಿಯಾಗಿದೆ, ರಜೆ ಮುಗಿಯುತ್ತಿದೆ, ಮಳೆ ಹಿಡಿದರೆ ದೋಣಿಗಳು ಸಮುದ್ರಕ್ಕಿಳಿಯುವುದು ಇನ್ನು ಅಕ್ಟೋಬರಿಗೆ. ಅವಳ ನೆಗಡಿ ಹೊರಗೆ ಯಾರಿಗೂ ಕಾಣುವಂತಿರಲಿಲ್ಲ. ಮಾತ್ರೆ ನುಂಗಿದರೆ ಮೂಗು ತೆರೆದುಕೊಳ್ಳುತ್ತಿತ್ತೆಂಬುದೂ ನಿಜವೇ. ಅಪಾಯವಿರುವುದು ಅಲ್ಲಿಯೇ. ಮಾತ್ರೆಯ ಪ್ರಭಾವ ನೀರಿನ ಕೆಳಗಿರುವಾಗ ಇಳಿದುಹೋದರೆ, ಒಳಗೆ ಸೇರಿದ ಗಾಳಿಗೆ ಹೊರಬರುವ ದಾರಿ ಮುಚ್ಚುತ್ತದೆ. ಕೆಳಗೆ ಹೋಗುವಾಗ ಕಿವಿ ಕಟ್ಟಿದರೆ ವಾಪಸಾಗಬಹುದು. ಮೇಲೆ ಬರುವಾಗ ಕಟ್ಟಿದರೆ ಹೋಗುವುದೆಲ್ಲಿಗೆ? ಸಿಲಿಂಡರಿನ ಗಾಳಿ ಮುಗಿಯುತ್ತ ಬಂದಿರುತ್ತದೆ, ಮೇಲೆ ಬರಲೇಬೇಕು, ಕಿವಿಯೊಳಗೆ ಗಾಳಿ ಹಿಗ್ಗುತ್ತಿರುತ್ತದೆ. ಬಾಯ್ಲನ ನಿಯಮಕ್ಕೆ ದಾಕ್ಷಿಣ್ಯವಿಲ್ಲ.

ಹುಡುಗಿ ದಂಡೆಗೆ ಹೋಗಿ ಶಿಕ್ಷಕನಿಗೆ ತಾನಾಗಿಯೇ ಹೇಳಿದಳು. ಮೇಷ್ಟ್ರು ಹಿಂದೆಯೇ ಬಂದು, ಸ್ವಲ್ಪವೇ ಇಳಿಸಿ ನೋಡಬಹುದಲ್ಲ ಎಂದು ಕೇಳಿದರು.

‘ಸರ್, ನಿಮ್ಮ ಮಗಳು ನಿನ್ನೆ ಇನ್ನೊಬ್ಬರ ತಿರುಪು ನೋಡಿದಳು. ಇವತ್ತು ತನ್ನದನ್ನು ತಾನೇ ನೋಡಿಕೊಂಡಿದ್ದಾಳೆ. ನಾನು ಇಳಿಸೋದಿಲ್ಲ’ ಎಂದ ಶಿಕ್ಷಕ. ಉಳಿದ ಮೂವರು ದೋಣಿ ಹತ್ತಿದರು. ಹುಬ್ಬಳ್ಳಿಯವನು ಸಂಜೆ ಸರ್ಟಿಫಿಕೇಟು ಪಡೆದು, ಅವಳಿಗೆ ಎಳನೀರು ಕೊಡಿಸಿ ಊರಿಗೆ ಹೋದ. ತಂದೆ ಮಗಳು ಗೋಪುರದ ಲಿಫ್ಟು ಹತ್ತಿ ಇಳಿದರು. ಅಂದು ಅವರಿಬ್ಬರ ನಡುವೆ ಮಾತು ಕಡಿಮೆಯಿತ್ತು. ಸಮಾಧಾನದ ಸಂಗತಿ ಒಂದೇ: ಮುಗಿಸಿದ ಪಾಠಗಳ ದಾಖಲೆಗೆ ಹನ್ನೆರಡು ತಿಂಗಳ ಆಯುಸ್ಸಿರುತ್ತದೆ, ಅಷ್ಟರೊಳಗೆ ಉಳಿದದ್ದನ್ನು ಮುಗಿಸಬಹುದು, ಬೇರೆ ಊರಿನ ಶಿಕ್ಷಕನ ಬಳಿಯಾದರೂ ಸರಿಯೇ.

ತಂದೆತಾಯಿಗಳು ಇಲ್ಲಿ ಕೇಳಬೇಕಾದ ಪ್ರಶ್ನೆಗಳು ಕೆಲವಿವೆ. ಹತ್ತು ವರ್ಷ ತುಂಬಿದ ಮಗುವೂ ಇದನ್ನು ಕಲಿಯಬಹುದು. ಆದರೆ ಹನ್ನೆರಡು ತುಂಬುವವರೆಗೆ 12 ಮೀಟರಿಗಿಂತ ಕೆಳಗಿಲ್ಲ, ಹಿರಿಯರ ಜೊತೆಗಲ್ಲದೆ ಇಲ್ಲ. ಶಿಕ್ಷಕನ ಪರವಾನಗಿ ಸಂಖ್ಯೆಯನ್ನು ಆಯಾ ಸಂಸ್ಥೆಯಲ್ಲಿ ತಾಳೆ ನೋಡಬಹುದು, ನೋಡಬೇಕು. ದೋಣಿಯಲ್ಲಿ ತುರ್ತಿಗೆ ಆಮ್ಲಜನಕವಿದೆಯೇ (ಇದು ನಿಜವಾದ ಆಮ್ಲಜನಕ), ಒಬ್ಬ ಶಿಕ್ಷಕನಿಗೆ ಎಷ್ಟು ಜನ ಕಲಿಯುವವರು, ಆರೋಗ್ಯದ ಪ್ರಶ್ನಾವಳಿ ಕೊಟ್ಟರೋ ಇಲ್ಲವೋ. ಪ್ರಶ್ನಾವಳಿಯನ್ನೇ ಕೊಡದೆ ನೀರಿಗಿಳಿಸುವವರು ಎಷ್ಟೇ ಕಡಿಮೆ ದರ ಹೇಳಿದರೂ ಅಲ್ಲಿಂದ ಎದ್ದು ಬರುವುದೇ ಲೇಸು.

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೇ ನಿಷೇಧ. ಡೈವಿಂಗಿನ ಮಾತಂತೂ ಮಳೆ ಪೂರ್ತಿ ಹೊಳವಾದ ಮೇಲೆ. ದೀಪಾವಳಿ ಕಳೆದ ಮರುವಾರ, ನವೆಂಬರಿನಲ್ಲಿ, ತಂದೆ ಮಗಳು ಮತ್ತೆ ಮುರುಡೇಶ್ವರದ ಬಸ್ಸು ಇಳಿದರು. ಈ ಸಲ ಮೇಷ್ಟ್ರ ಚೀಲದಲ್ಲಿ ಚಕ್ಕುಲಿಯ ಜೊತೆಗೆ ಒಂದು ಲೀಟರಿನ ಖಾಲಿ ಸೋಡಾ ಬಾಟಲಿಯೂ ಇತ್ತು. ಅದನ್ನು ಹೊರತೆಗೆದು, ಸಂಕೋಚದಿಂದಲೇ, ಶಿಕ್ಷಕನ ಮುಂದೆ ಬೇಡಿಕೆಯೊಂದನ್ನು ಇಟ್ಟರು. ಅವನು ನಕ್ಕು ಒಪ್ಪಿದ.

ನೀರು ನೀಲಿಯಾಗಿ, ದೋಣಿಯಿಂದಲೇ ತಳದ ಬಂಡೆ ಕಾಣುವಷ್ಟು ತಿಳಿಯಾಗಿತ್ತು. ಹುಡುಗಿ ದೋಣಿಯಂಚಿನಲ್ಲಿ ಕುಳಿತು ಹಿಂದಕ್ಕೆ ಮಗುಚಿಕೊಂಡಳು. ಮೂರನೆಯ ಮುಳುಗಿನಲ್ಲಿ ಮಾಸ್ಕು ತೆಗೆದು ಮತ್ತೆ ಹಾಕಿಕೊಂಡಳು; ಈಜುಕೊಳದಲ್ಲಿ ಅವಳನ್ನು ಎಬ್ಬಿಸಿ ನಿಲ್ಲಿಸಿದ್ದ ಕೆಲಸವನ್ನು ಎದ್ದು ನಿಲ್ಲಲು ನೆಲವಿಲ್ಲದ ಕಡೆ ಮಾಡಿದಳು. ನಾಲ್ಕನೆಯದರಲ್ಲಿ 18 ಮೀಟರ್. ಮೊದಲ ಸರ್ಟಿಫಿಕೇಟಿನವರಿಗೆ ಅದೇ ಗಡಿ. ಉಸಿರೆಳೆದರೆ ಒಂದು ಗೇಣು ಮೇಲೇರುವ, ಬಿಟ್ಟರೆ ಒಂದು ಗೇಣು ಇಳಿಯುವ ಸಮತೂಕ ಅವಳಿಗೆ ಅಲ್ಲಿ ಸಿಕ್ಕಿತು. ಕೈಕಾಲು ಆಡಿಸದೆ, ಎದೆಯ ಉಸಿರಿನಿಂದಲೇ ಮೇಲೆ ಕೆಳಗೆ ಆಗುತ್ತ, ಬರಾಕುಡಾಗಳ ಹಿಂಡೊಂದು ಬೆಳ್ಳಿಯ ಬೇಲಿಯಂತೆ ಸುತ್ತಿ ಹೋಗುವುದನ್ನು ನೋಡಿದಳು. ಬೆನ್ನಿನ ಮೇಲೆ ಯಾರ ಕೈಯೂ ಇರಲಿಲ್ಲ.

ಅದೇ ಆಳದಲ್ಲಿ ಶಿಕ್ಷಕ, ನೀರು ತುಂಬಿಸಿ ತಂದಿದ್ದ ಸೋಡಾ ಬಾಟಲಿಯನ್ನು ತಲೆಕೆಳಗಾಗಿ ಹಿಡಿದು, ರೆಗ್ಯುಲೇಟರಿನ ಗಾಳಿಯನ್ನು ಅದರೊಳಕ್ಕೆ ಬಿಟ್ಟು, ಮುಚ್ಚಳ ಬಿಗಿದ. ಮೇಲೆ ಬರುವುದು ನಿಧಾನ. ನಿಮಿಷಕ್ಕೆ 9 ಮೀಟರಿಗಿಂತ ವೇಗ ಬೇಡವೆಂಬುದು ಇಂದು ಹೆಚ್ಚಿನವರು ಪಾಲಿಸುವ ಮಿತಿ. ಐದು ಮೀಟರಿನಲ್ಲಿ ಮೂರು ನಿಮಿಷ ನಿಲ್ಲಬೇಕು. ಒತ್ತಡದಲ್ಲಿ ರಕ್ತ ಮಾಂಸಗಳಲ್ಲಿ ಕರಗಿದ ನೈಟ್ರೋಜನ್, ಗಡಿಬಿಡಿ ಮಾಡಿದರೆ ಮುಚ್ಚಳ ತೆಗೆದ ಸೋಡಾದಂತೆ ಗುಳ್ಳೆಗಟ್ಟುತ್ತದೆ. ಆ ಮೂರು ನಿಮಿಷ ದೋಣಿಯ ಮೇಲೆ ನಿಂತು ಗುಳ್ಳೆಗಳನ್ನು ನೋಡುತ್ತಿದ್ದ ತಂದೆಗೆ ಉದ್ದವೆನಿಸಿದ್ದರೆ ಅದರಲ್ಲಿ ಆಶ್ಚರ್ಯವಿಲ್ಲ.

ಸರ್ಟಿಫಿಕೇಟು ಈಗ ಫೋನಿಗೇ ಬರುತ್ತದೆ. ಹೆಸರು, ಫೋಟೋ, ದಿನಾಂಕ, ಶಿಕ್ಷಕನ ಸಂಖ್ಯೆ. ಮೇಷ್ಟ್ರು ಕನ್ನಡಕ ಹಾಕಿಕೊಂಡು ಮೇಲಿನಿಂದ ಕೆಳಗೆ ಓದಿ, ‘ಮಾರ್ಕ್ಸ್ ಎಲ್ಲೈತಿ?’ ಎಂದು ಕೇಳಿದರು. ಮಾರ್ಕ್ಸೂ ಇಲ್ಲ, ರ್‍ಯಾಂಕೂ ಇಲ್ಲ.

ಅಂದೇ ರಾತ್ರಿಯ ಬಸ್ಸಿಗೆ ಹೊರಡೋಣವೆಂದು ಮಗಳು ಹೇಳಿದಳು, ಮರುದಿನ ಕಾಲೇಜು ತಪ್ಪುತ್ತದೆಂದು. ಒಂದಕ್ಕಿಂತ ಹೆಚ್ಚು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಎಂಬ ನಿಯಮವನ್ನು ಎಲ್ಲ ಪುಸ್ತಕಗಳೂ ಹೇಳುತ್ತವೆ. ನಮ್ಮ ಕರಾವಳಿಯಲ್ಲಿ ವಿಮಾನಕ್ಕಿಂತ ಹತ್ತಿರವಿರುವುದು ಘಟ್ಟ. ಹೊನ್ನಾವರದಿಂದ ಗೇರುಸೊಪ್ಪೆ ಘಟ್ಟ ಹತ್ತಿ ಸಾಗರ, ಶಿವಮೊಗ್ಗ ದಾಟಿ ಬೆಂಗಳೂರು ಸೇರಿದರೆ, ಸಮುದ್ರಮಟ್ಟದಿಂದ ಒಂಬತ್ತು ನೂರು ಮೀಟರಿನಷ್ಟು ಎತ್ತರ. ಆರು ನೂರು ಮೀಟರಿನಿಂದಾಚೆಗೆ ಎಚ್ಚರಿಕೆ ಬೇಕೆಂಬುದು ಬಲ್ಲವರ ಮಾತು. ಬಸ್ಸಾದರೇನು, ವಿಮಾನವಾದರೇನು, ಗಾಳಿ ತೆಳುವಾಗುವುದು ಒಂದೇ. ‘ನಾಳೆ ಮಧ್ಯಾಹ್ನದವರೆಗೂ ಇಲ್ಲೇ ಇರೋಣ. ಒಂದು ದಿನ ಕಾಲೇಜು ಹೋದ್ರೆ ಹೋಗ್ತೈತಿ’ ಎಂದರು ಮೇಷ್ಟ್ರು. ಪುಸ್ತಕದ ಆ ಪುಟಕ್ಕೆ ಮಳೆಗಾಲದಲ್ಲಿ ಅವರು ಬಸ್ ಟಿಕೇಟೊಂದನ್ನು ಗುರುತಾಗಿ ಇಟ್ಟಿದ್ದರು.

ಸೋಡಾ ಬಾಟಲಿ ಈಗ ಅವರ ಶಾಲೆಯ ವಿಜ್ಞಾನದ ಕೋಣೆಯಲ್ಲಿದೆ. 18 ಮೀಟರಿನಲ್ಲಿ ಒತ್ತಡ 2.8 ವಾತಾವರಣ, ಒಂದು ಲೀಟರಿನ ಬಾಟಲಿಯಲ್ಲಿ ಎರಡೂ ಮುಕ್ಕಾಲು ಲೀಟರಿಗಿಂತ ತುಸು ಹೆಚ್ಚು ಗಾಳಿ ಕುಳಿತಿದೆ. ಹೆಬ್ಬೆರಳಿನಿಂದ ಒತ್ತಿದರೆ ಕಲ್ಲಿನ ಹಾಗೆ. ಪ್ರತಿ ತರಗತಿಯ ಮಕ್ಕಳೂ ಸರದಿಯಲ್ಲಿ ಒತ್ತಿ ನೋಡುತ್ತಾರೆ, ತೆರೆದು ತೋರಿಸಿ ಸಾರ್ ಎನ್ನುತ್ತಾರೆ. ಮುಚ್ಚಳ ತಿರುವಲು ಮೇಷ್ಟ್ರು ಇನ್ನೂ ಮನಸ್ಸು ಮಾಡಿಲ್ಲ.